ಒಂದಗುಳು ಸಾಲದು



ಇಂದಿನ ಮಾತು ಪರೀಕ್ಷೆಯ ಬಗ್ಗೆ ಎಂದರೆ ಮನೆಯಲ್ಲಿ ಮಕ್ಕಳು ರೇಡಿಯೋ ಆರಿಸಿಬಿಟ್ಟಾರು. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ, ನಾನು ಮಾತನಾಡಹೊರಟಿರುವುದು ವರ್ಷದ ಕೊನೆಯಲ್ಲಿ ಬರುವ ಪರೀಕ್ಷೆಯ ಬಗ್ಗೆ ಅಲ್ಲ. ಪಾಠ ನಡೆಯುತ್ತಿರುವಾಗಲೇ ಮಕ್ಕಳಿಗೆ ಎಷ್ಟು ತಲುಪಿದೆ, ಎಲ್ಲಿ ಎಡವುತ್ತಿದ್ದಾರೆ ಎಂದು ನೋಡಿಕೊಂಡು, ಅದಕ್ಕೆ ತಕ್ಕಂತೆ ನಾಳಿನ ಪಾಠವನ್ನು ಬದಲಿಸಿಕೊಳ್ಳುವ ಕೆಲಸದ ಬಗ್ಗೆ. ಕರ್ನಾಟಕದ ಶಾಲೆಗಳಲ್ಲಿ ಇದಕ್ಕೆ ರೂಪಣಾತ್ಮಕ ಮೌಲ್ಯಮಾಪನ ಎಂದು ಹೆಸರು. ಮುಂಬಯಿ, ಪುಣೆಯ ಕೇಳುಗರು ಮಕ್ಕಳ ಶಾಲೆಯಲ್ಲಿ ‘ಆಕಾರಿಕ ಮೂಲ್ಯಮಾಪನ’ ಎಂಬ ಮಾತನ್ನು ಕೇಳಿರುತ್ತೀರಿ. ಚೆನ್ನೈಯವರಿಗೆ ಅದು ‘ವಳರರಿ ಮದಿಪ್ಪೀಡು’, ಹೈದರಾಬಾದಿನವರಿಗೆ ‘ನಿರ್ಮಾಣಾತ್ಮಕ ಮೂಲ್ಯಾಂಕನಂ’. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಹಲವು ಕಡೆ ಎಫ್‌ಎ ಒಂದು, ಎಫ್‌ಎ ಎರಡು. ಇಷ್ಟು ಹೆಸರುಗಳಲ್ಲಿ ನನಗೆ ಹಿಡಿಸಿದ್ದು ತಮಿಳಿನದು. ವಳರ್ ಎಂದರೆ ಬೆಳೆ, ಅರಿ ಎಂದರೆ ತಿಳಿ. ಬೆಳೆಯುತ್ತಿರುವಾಗಲೇ ತಿಳಿದುಕೊಳ್ಳುವುದು. ನಮ್ಮ ‘ರೂಪಣಾತ್ಮಕ’ ಎಂಬ ಪದ ಶಿಕ್ಷಕರ ತರಬೇತಿಯ ಕೊಠಡಿ ದಾಟಿ ಮನೆಮಾತಿಗೆ ಬಂದದ್ದನ್ನು ನಾನು ಕಂಡಿಲ್ಲ. ಮನೆಮಾತಿನಲ್ಲಿ ಹೇಳುವುದಾದರೆ ಇದು ಹದ ನೋಡುವ ಕೆಲಸ.

ಹದ ನೋಡುವುದು ಎಂದರೆ ನಮಗೆ ನೆನಪಾಗುವುದು ಅನ್ನದ ಪಾತ್ರೆ. ಬೆಂದಿದೆಯೇ ಎಂದು ನೋಡಲು ಒಂದಗುಳು ತೆಗೆದು ಎರಡು ಬೆರಳ ನಡುವೆ ಹಿಸುಕುತ್ತೇವೆ. ಆ ಒಂದಗುಳು ಬೆಂದಿದ್ದರೆ ಪಾತ್ರೆಯೆಲ್ಲ ಬೆಂದ ಹಾಗೆ. ಈ ಒಂದಗುಳಿನ ಲೆಕ್ಕವನ್ನೇ ನಮ್ಮ ತರಗತಿಗಳಿಗೂ ತಂದುಬಿಟ್ಟಿದ್ದೇವೆ. ಟೀಚರು ಕರಿಹಲಗೆಯ ಮೇಲೆ ಲೆಕ್ಕ ಬಿಡಿಸಿ ತೋರಿಸುತ್ತಾರೆ. ‘ಅರ್ಥವಾಯಿತೇನ್ರೋ?’ ಎಂದು ಕೇಳುತ್ತಾರೆ. ‘ಆಯ್ತು ಟೀಚರ್’ ಎಂದು ಐವತ್ತು ಮಕ್ಕಳು ರಾಗವಾಗಿ ಹೇಳುತ್ತಾರೆ. ಆಮೇಲೆ ಒಂದು ಪ್ರಶ್ನೆ. ಆರೇಳು ಕೈಗಳು ಮೇಲೇಳುತ್ತವೆ, ದಿನವೂ ಅವೇ ಆರೇಳು ಕೈಗಳು. ಅವರಲ್ಲಿ ಒಬ್ಬಳು ಎದ್ದು ಸರಿಯುತ್ತರ ಹೇಳುತ್ತಾಳೆ. ‘ಶಾಭಾಸ್, ಕೂತ್ಕೋ.’ ಪಾಠ ಮುಂದಕ್ಕೆ ಹೋಗುತ್ತದೆ. ಒಂದಗುಳು ಬೆಂದಿತ್ತು, ನಿಜ. ಆದರೆ ಪಾತ್ರೆಯ ಅಕ್ಕಿ ಒಂದೇ ಮೂಟೆಯದು, ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ ಕುದಿದದ್ದು. ಐವತ್ತು ಮಕ್ಕಳು ಹಾಗಲ್ಲ. ಕೈಯೆತ್ತಿದವಳ ಮನೆಯಲ್ಲಿ ಸಂಜೆ ಹೊತ್ತು ಲೆಕ್ಕ ಹೇಳಿಕೊಡುವ ಅಣ್ಣನಿರಬಹುದು. ಹಿಂದಿನ ಬೆಂಚಿನವನ ತಂದೆ ಹೋಟೆಲಿನಲ್ಲಿ ದುಡಿದು ರಾತ್ರಿ ಹನ್ನೊಂದಕ್ಕೆ ಮನೆಗೆ ಬರುವವನಿರಬಹುದು. ಅಲ್ಲಿ ಒಂದಗುಳು ಸಾಲದು.

ಒಂದು ಲೆಕ್ಕ ನೋಡೋಣ. ಪೆನ್ನು, ಕಾಗದ ಹತ್ತಿರವಿದ್ದರೆ ದಯವಿಟ್ಟು ಬರೆದುಕೊಳ್ಳಿ. ದಶಮಾಂಶದ ಲೆಕ್ಕ, ಐದು ಆರನೆಯ ತರಗತಿಯದು. 2.75 ಮತ್ತು 2.3, ಇವೆರಡರಲ್ಲಿ ದೊಡ್ಡದು ಯಾವುದು? ತರಗತಿಗೆ ತರಗತಿಯೇ 2.75 ಎನ್ನುತ್ತದೆ. ಉತ್ತರ ಸರಿ. ಎಲ್ಲರಿಗೂ ಬಂತೆಂದು ಟೀಚರು ಕೂಡುವ ಲೆಕ್ಕಕ್ಕೆ ಹೋಗುತ್ತಾರೆ. ಆದರೆ ಒಂದಿಬ್ಬರನ್ನು ಹತ್ತಿರ ಕರೆದು ‘ಹೇಗೆ ಹೇಳಿದೆ?’ ಎಂದು ಕೇಳಿ ನೋಡಿ. ‘ಎಪ್ಪತ್ತೈದು ಮೂರಕ್ಕಿಂತ ದೊಡ್ಡದಲ್ವಾ ಟೀಚರ್!’ ಎನ್ನುವ ಮಗು ಸಿಕ್ಕೇ ಸಿಗುತ್ತದೆ. ಚುಕ್ಕೆಯ ಆಚೆಗಿನ ಅಂಕಿಗಳನ್ನು ಪೂರ್ಣ ಸಂಖ್ಯೆಯ ಹಾಗೆ ಓದಿಕೊಂಡ ಮಗು ಅದು. ನಿಯಮ ತಪ್ಪು, ಉತ್ತರ ಮಾತ್ರ ಸರಿ. ನಮ್ಮ ಪ್ರಶ್ನೆಯೇ ಆ ತಪ್ಪನ್ನು ಬಚ್ಚಿಟ್ಟಿತು.

ಈಗ ಪ್ರಶ್ನೆಯನ್ನು ಸ್ವಲ್ಪ ಬದಲಿಸೋಣ. 0.4, 0.72, 0.385. ಈ ಮೂರರಲ್ಲಿ ಅತಿ ದೊಡ್ಡದು ಯಾವುದು? ಅಂಕಿ ಹೆಚ್ಚಿದ್ದಷ್ಟೂ ಬೆಲೆ ಹೆಚ್ಚು ಎಂದುಕೊಂಡ ಮಗು 0.385 ಎಂದು ಬರೆಯುತ್ತದೆ. ಇನ್ನೊಂದು ಬಗೆಯ ಮಗುವಿರುತ್ತದೆ. ಹತ್ತನೆಯ ಒಂದು ಭಾಗವೆಂದರೆ ದೊಡ್ಡ ತುಂಡು, ಸಾವಿರದ ಒಂದು ಭಾಗವೆಂದರೆ ಚಿಕ್ಕ ತುಂಡು ಎಂದು ಅದಕ್ಕೆ ಗೊತ್ತು. ಆದ್ದರಿಂದ ಚುಕ್ಕೆಯ ಮುಂದೆ ಅಂಕಿ ಕಡಿಮೆಯಿದ್ದಷ್ಟೂ ಸಂಖ್ಯೆ ದೊಡ್ಡದು ಎಂದುಕೊಂಡು 0.4 ಎಂದು ಬರೆಯುತ್ತದೆ. ಸ್ಥಾನಬೆಲೆ ತಿಳಿದ ಮಗು 0.72 ಎಂದು ಬರೆಯುತ್ತದೆ. ಒಂದೇ ಪ್ರಶ್ನೆಗೆ ಮೂರು ಉತ್ತರ, ಮೂರರ ಹಿಂದೆಯೂ ಮೂರು ಬೇರೆ ಬೇರೆ ತಿಳಿವಳಿಕೆ. ಅಂಕಪಟ್ಟಿಯಲ್ಲಿ ಬರೆದರೆ ಮೊದಲ ಇಬ್ಬರಿಗೂ ಸೊನ್ನೆ. ಆ ಸೊನ್ನೆಯನ್ನು ಎಷ್ಟು ಹೊತ್ತು ನೋಡುತ್ತ ಕುಳಿತರೂ ನಾಳೆ ಯಾರಿಗೆ ಏನು ಕಲಿಸಬೇಕೆಂದು ತಿಳಿಯುವುದಿಲ್ಲ. ಚೀಟಿಗಳನ್ನು ಮೂರು ಗುಡ್ಡೆ ಮಾಡಿಟ್ಟರೆ ಹತ್ತೇ ನಿಮಿಷದಲ್ಲಿ ತಿಳಿಯುತ್ತದೆ.

ಮೊದಲ ಗುಡ್ಡೆಯವರಿಗೆ ಟೈಲರ್ ಅಂಗಡಿಯ ಟೇಪು ಸಾಕು. 0.4 ಮೀಟರ್ ಎಂದರೆ 40 ಸೆಂಟಿಮೀಟರ್, 0.72 ಮೀಟರ್ ಎಂದರೆ 72, 0.385 ಎಂದರೆ ಮೂವತ್ತೆಂಟೂವರೆ. ಟೇಪಿನ ಮೇಲೆ ಬೆರಳಿಟ್ಟು ನೋಡಿದಾಗ ಆ ಮಗುವಿನ ಹುಬ್ಬು ಮೇಲೇರುತ್ತದೆ. ಹಿಂದೆ ನಾವು ಇದಕ್ಕೆ ರೂಪಾಯಿ ಪೈಸೆಯ ಉದಾಹರಣೆ ಕೊಡುತ್ತಿದ್ದೆವು. ಈಗ ಅದು ನಡೆಯುವುದಿಲ್ಲ. ನಾಲ್ಕಾಣೆಯ ಬಿಲ್ಲೆಯೇ 2011ರ ಜೂನ್ ಕೊನೆಗೆ ಚಲಾವಣೆಯಿಂದ ಹೋಯಿತು, ಇಂದಿನ ಮಗು ಪೈಸೆಯನ್ನು ಕೈಯಲ್ಲಿ ಹಿಡಿದಿಲ್ಲ. ಅಲ್ಲದೆ ಹಣದ ಲೆಕ್ಕ 3.5 ಎಂಬುದನ್ನು ಮೂರು ರೂಪಾಯಿ ಐದು ಪೈಸೆ ಎಂದು ಓದುವ ಹೊಸ ತಪ್ಪನ್ನೂ ಹುಟ್ಟಿಸುತ್ತಿತ್ತು. ಎರಡನೆಯ ಗುಡ್ಡೆಯವರದು ಬೇರೆ ಕಥೆ. ಅವರಿಗೆ ತುಂಡಿನ ಗಾತ್ರ ಗೊತ್ತು, ತುಂಡುಗಳು ಎಷ್ಟಿವೆ ಎಂಬುದನ್ನು ಮರೆತಿದ್ದಾರೆ. ಅವರಿಗೆ ಮತ್ತೆ ಮೊದಲಿನಿಂದ ಪಾಠ ಹೇಳಿದರೆ ಬೇಸರ ಬರುತ್ತದೆ. ನೂರು ಚೌಕಗಳ ಕಾಗದದಲ್ಲಿ ನಾಲ್ಕು ಸಾಲು ಒಮ್ಮೆ, ಎಪ್ಪತ್ತೆರಡು ಚೌಕ ಒಮ್ಮೆ ಬಣ್ಣ ತುಂಬಿಸಿದರೆ ಅವರೇ ಕಂಡುಕೊಳ್ಳುತ್ತಾರೆ. ಮೂರನೆಯ ಗುಡ್ಡೆಯವರನ್ನು ಇವರ ಜೊತೆ ಕೂರಿಸಿಬಿಡಬಹುದು, ಅಥವಾ ಮುಂದಿನ ಲೆಕ್ಕ ಕೊಡಬಹುದು. ಹಾಗೆಯೇ ಟೀಚರು ತಮ್ಮ ಬಾಯಿಮಾತನ್ನೂ ಗಮನಿಸಿಕೊಳ್ಳಬೇಕಾಗುತ್ತದೆ. ‘ಸೊನ್ನೆ ಪಾಯಿಂಟ್ ಎಪ್ಪತ್ತೆರಡು’ ಎಂದು ನಾವೇ ಓದುತ್ತಿದ್ದರೆ ಮೊದಲ ಗುಡ್ಡೆ ದೊಡ್ಡದಾಗುತ್ತ ಹೋಗುತ್ತದೆ. ‘ಸೊನ್ನೆ ಬಿಂದು ಏಳು ಎರಡು’ ಎಂದು ಓದಬೇಕು.

ಐವತ್ತು ಮಕ್ಕಳಿರುವ ತರಗತಿಯಲ್ಲಿ ಇದೆಲ್ಲ ಆಗುವ ಮಾತೇ ಎಂದು ಶಿಕ್ಷಕ ಮಿತ್ರರು ಕೇಳುವುದುಂಟು. ಆಗುತ್ತದೆ, ದಿನವೂ ಅಲ್ಲದಿದ್ದರೂ ವಾರಕ್ಕೆ ಎರಡು ಸಲ. ಮಗು ಮನೆಗೆ ಹೊರಡುವ ಮುಂಚೆ ಅಂಗೈಯಗಲದ ಚೀಟಿಯಲ್ಲಿ ಒಂದೇ ಲೆಕ್ಕ ಬರೆದು ಕೊಟ್ಟು ಹೋಗಲಿ. ಚೀಟಿಯೂ ಬೇಡವೆಂದರೆ ನಮ್ಮ ಹಳೆಯ ಸ್ಲೇಟು ಬಳಪ ಇದೆ. ಪ್ರಶ್ನೆ ಕೇಳಿ, ಎಲ್ಲರೂ ಬರೆದು, ಒಂದೇ ಸಲ ಸ್ಲೇಟು ಎತ್ತಿ ತೋರಿಸಲಿ. ಕೈಯೆತ್ತುವ ಪದ್ಧತಿಯಲ್ಲಿ ಆರು ಮಕ್ಕಳ ಉತ್ತರ ಕಂಡರೆ, ಸ್ಲೇಟಿನಲ್ಲಿ ಐವತ್ತೂ ಕಾಣುತ್ತದೆ. ಈಗ ಪಟ್ಟಣದ ದೊಡ್ಡ ಶಾಲೆಗಳಲ್ಲಿ ಬಿಳಿಹಲಗೆಯ ಚಿಕ್ಕ ತುಂಡುಗಳನ್ನು ಇದಕ್ಕೆಂದೇ ದುಡ್ಡು ಕೊಟ್ಟು ತರಿಸುತ್ತಾರೆ. ನಮ್ಮ ಅಜ್ಜಂದಿರ ಐಗಳ ಮಠದಲ್ಲಿ ಸ್ಲೇಟೇ ಇತ್ತಲ್ಲ ಎಂದು ನಗು ಬರುತ್ತದೆ.

ಇನ್ನೊಂದು ಸಣ್ಣ ವಿಷಯ, ಆದರೆ ಕಾಸಿಲ್ಲದೆ ಆಗುವಂಥದ್ದು. ಅಮೆರಿಕದ ಮೇರಿ ಬಡ್ ರೋ ಎಂಬ ವಿಜ್ಞಾನ ಶಿಕ್ಷಣ ತಜ್ಞೆ 1970ರ ದಶಕದಲ್ಲಿ ತರಗತಿಗಳ ಮಾತುಕತೆಯನ್ನು ಧ್ವನಿಮುದ್ರಿಸಿಕೊಂಡು ಒಂದು ವಿಷಯ ಅಳೆದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕಾಗಿ ಎಷ್ಟು ಹೊತ್ತು ಕಾಯುತ್ತಾರೆ? ಸರಾಸರಿ ಸುಮಾರು ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಸುಮ್ಮನೆ ಕೂರುತ್ತಿದ್ದ ಮಕ್ಕಳೂ ಬಾಯಿ ಬಿಟ್ಟರು. ಮನೆಯಲ್ಲಿ ಒಂದು ಭಾಷೆ, ಕೇರಿಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು ಭಾಷೆ ಇರುವ ನಮ್ಮ ಮಕ್ಕಳಿಗೆ ಪ್ರಶ್ನೆಯನ್ನು ಒಳಗೊಳಗೇ ತಿರುಗಿಸಿಕೊಳ್ಳಲಿಕ್ಕೇ ಆ ಒಂದು ಸೆಕೆಂಡು ಹೋಗಿಬಿಡುತ್ತದೆ.

ಇದರಲ್ಲಿ ನಿಜವಾಗಿ ಏನು ಪಣಕ್ಕಿದೆ ಎಂಬುದಕ್ಕೆ ನಾನು ಹತ್ತಿರದಿಂದ ಕಂಡ ಒಬ್ಬ ಹುಡುಗಿಯ ವಿಷಯ ಹೇಳಬೇಕು. ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಮುಂಬಯಿಗೆ ಬಂದ ಸಂಸಾರ. ಹುಡುಗಿ ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿ. ಅವಳ ಕಳೆಯುವ ಲೆಕ್ಕದ ಪುಟಗಳ ತುಂಬ ಕೆಂಪು ಶಾಯಿಯ ಗೀಟುಗಳು. ‘ದಡ್ಡಿ, ಲೆಕ್ಕ ತಲೆಗೆ ಹತ್ತುವುದಿಲ್ಲ’ ಎಂಬ ಮಾತು ಶಾಲೆಯಲ್ಲೂ ಇತ್ತು, ಮನೆಯಲ್ಲೂ ಇತ್ತು. ತಾಯಿ ಅವಳನ್ನು ಶಾಲೆ ಬಿಡಿಸಿ ಚಿಕ್ಕ ಕೂಸನ್ನು ನೋಡಿಕೊಳ್ಳಲು ಇಟ್ಟುಕೊಳ್ಳುವ ಯೋಚನೆಯಲ್ಲಿದ್ದರು. ಆ ವರ್ಷ ಹೊಸದಾಗಿ ಬಂದ ಟೀಚರೊಬ್ಬರು ಪುಟಗಳನ್ನು ತಿದ್ದುವ ಬದಲು ಓದಿದರು. 58ರಲ್ಲಿ 23 ಕಳೆದರೆ 35, ಸರಿ. 76ರಲ್ಲಿ 41 ಕಳೆದರೆ 35, ಸರಿ. 52ರಲ್ಲಿ 27 ಕಳೆದರೂ 35, ತಪ್ಪು. 61ರಲ್ಲಿ 38 ಕಳೆದರೆ 37, ತಪ್ಪು. ದಶಕ ಬಿಡಿಸುವ ಅಗತ್ಯವಿಲ್ಲದ ಲೆಕ್ಕಗಳೆಲ್ಲ ಸರಿಯಿದ್ದವು. ಅಗತ್ಯವಿರುವಲ್ಲೆಲ್ಲ ಅವಳು ಮೇಲಿನದೋ ಕೆಳಗಿನದೋ ನೋಡದೆ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದ್ದಳು. ಎರಡರಲ್ಲಿ ಏಳು ಹೋಗುವುದಿಲ್ಲ, ಏಳರಲ್ಲಿ ಎರಡು ಹೋಗುತ್ತದೆ, ಐದು. ಇದು ದಡ್ಡತನವಲ್ಲ, ಒಂದು ನಿಯಮವನ್ನು ತಪ್ಪದೆ ಪಾಲಿಸಿದ ಶಿಸ್ತು.

ಹಾಜರಿ ಪುಸ್ತಕ ನೋಡಿದರೆ ಕಾರಣವೂ ಸಿಕ್ಕಿತು. ಎರಡನೆಯ ತರಗತಿಯಲ್ಲಿ ದಶಕ ಬಿಡಿಸುವ ಲೆಕ್ಕ ಕಲಿಸಿದ ತಿಂಗಳುಗಳಲ್ಲಿ ಆ ಸಂಸಾರ ಊರಿಗೆ ಹೋಗಿತ್ತು, ಹೊಲದ ಕೆಲಸಕ್ಕೆ. ಟೀಚರು ಪೊರಕೆಕಡ್ಡಿ ಮುರಿದು ಹತ್ತರ ಕಟ್ಟುಗಳನ್ನು ಮಾಡಿ ಅವಳ ಕೈಗೆ ಕೊಟ್ಟರು. ಐದು ಕಟ್ಟು, ಎರಡು ಬಿಡಿ ಕಡ್ಡಿ. ಇದರಲ್ಲಿ ಇಪ್ಪತ್ತೇಳು ಕೊಡು. ಹುಡುಗಿ ಸ್ವಲ್ಪ ಹೊತ್ತು ನೋಡಿ ಒಂದು ಕಟ್ಟಿನ ದಾರ ಬಿಚ್ಚಿದಳು. ಯಾರೂ ಹೇಳಿರಲಿಲ್ಲ. ಕಡ್ಡಿಯಿಂದ ಕಾಗದಕ್ಕೆ ಬರಲು ಎರಡು ವಾರ ಹಿಡಿಯಿತು. ಅವಳು ಆ ಶಾಲೆಯಲ್ಲಿ ಏಳನೆಯವರೆಗೆ ಓದಿದಳು. ಆಮೇಲೆ ಕೆಲಸ ಮುಗಿದು ಸಂಸಾರ ಪುಣೆಯ ಕಡೆ ಹೋಯಿತು, ಮುಂದಿನದು ಗೊತ್ತಾಗಲಿಲ್ಲ. ನನಗೆ ಈಗಲೂ ಅನಿಸುವುದು ಇಷ್ಟು: ಆ ಪುಟಗಳಿಗೆ ಹತ್ತಕ್ಕೆ ನಾಲ್ಕು ಎಂದು ಅಂಕ ಕೊಟ್ಟು ಮುಂದೆ ಹೋಗುವುದು ನಿಯಮದ ಪ್ರಕಾರ ಸಂಪೂರ್ಣ ಸರಿಯಾಗಿಯೇ ಇರುತ್ತಿತ್ತು.

ಈ ವಿಚಾರಕ್ಕೆ ಒಂದು ಚರಿತ್ರೆಯೂ ಇದೆ, ಚಿಕ್ಕದಾಗಿ ಹೇಳಿಬಿಡುತ್ತೇನೆ. ರೂಪಣಾತ್ಮಕ, ಸಂಕಲನಾತ್ಮಕ ಎಂಬ ಎರಡು ಬಗೆಯನ್ನು ಮೊದಲು ಬೇರೆ ಮಾಡಿ ಹೆಸರಿಟ್ಟವರು ಮೈಕೆಲ್ ಸ್ಕ್ರಿವೆನ್, 1967ರಲ್ಲಿ. ಅವರ ಮನಸ್ಸಿನಲ್ಲಿದ್ದದ್ದು ಪಠ್ಯಕ್ರಮಗಳ ಪರಿಶೀಲನೆ. ಅದನ್ನು ಮಕ್ಕಳ ಕಲಿಕೆಗೆ ತಂದವರು ಬೆಂಜಮಿನ್ ಬ್ಲೂಮ್. 1998ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಪಾಲ್ ಬ್ಲ್ಯಾಕ್ ಮತ್ತು ಡಿಲನ್ ವಿಲಿಯಮ್ ಸುಮಾರು 250 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ, ಇಂಥ ಬೋಧನೆಯಿಂದ ಕಲಿಕೆ ಏರುತ್ತದೆ, ಹಿಂದುಳಿದ ಮಕ್ಕಳಿಗೆ ಹೆಚ್ಚು ಲಾಭವಾಗುತ್ತದೆ ಎಂದರು. ಲಾಭ ಅವರು ಹೇಳಿದಷ್ಟು ದೊಡ್ಡದಲ್ಲ ಎಂದು ಆಮೇಲಿನ ಕೆಲವು ಲೆಕ್ಕಾಚಾರಗಳು ಹೇಳಿವೆ, ಅದನ್ನೂ ಹೇಳಬೇಕು. ಆದರೆ ಅವರು ಹಾಕಿದ ಒಂದು ಷರತ್ತನ್ನು ಯಾರೂ ಅಲ್ಲಗಳೆದಿಲ್ಲ. ಪರೀಕ್ಷೆಯಿಂದ ತಿಳಿದದ್ದನ್ನು ಬಳಸಿ ಪಾಠವನ್ನು ಬದಲಿಸಿದರೆ ಮಾತ್ರ ಅದು ರೂಪಣಾತ್ಮಕ. ಬದಲಿಸದಿದ್ದರೆ ಅದು ಸಣ್ಣ ಪರೀಕ್ಷೆ ಅಷ್ಟೆ, ಹೆಸರು ಏನೇ ಇರಲಿ.

ನಮ್ಮ ದೇಶದಲ್ಲಿ ಎಡವಿದ್ದು ಈ ಷರತ್ತಿನ ಹತ್ತಿರವೇ. ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಳಿ 2009ರಲ್ಲಿ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ತಂದಿತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯೂ ಅದನ್ನೇ ಹೇಳಿತು. ಉದ್ದೇಶ ಒಳ್ಳೆಯದೇ. ಆದರೆ ಒಂಬತ್ತು, ಹತ್ತನೆಯ ತರಗತಿಗಳಲ್ಲಿ ವರ್ಷಕ್ಕೆ ನಾಲ್ಕು ಎಫ್‌ಎ, ಒಂದೊಂದಕ್ಕೆ ಶೇಕಡಾ 10, ಎರಡು ಎಸ್‌ಎ, ಒಂದೊಂದಕ್ಕೆ ಶೇಕಡಾ 30 ಎಂದು ತೂಕ ಕಟ್ಟಿದ ಕೂಡಲೇ ಹದ ನೋಡುವ ಕೆಲಸ ಅಂಕದ ಲೆಕ್ಕವಾಯಿತು. ಯೋಜನಾ ಕಾರ್ಯವೆಂದು ಥರ್ಮೋಕೋಲಿನ ಮನೆ, ಚಾರ್ಟ್ ಪೇಪರು. ಅವನ್ನು ಮಾಡಿದವರು ಯಾರೆಂದು ಈ ಹೊತ್ತು ರೇಡಿಯೋ ಕೇಳುತ್ತಿರುವ ಅನೇಕ ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ. ಶಿಕ್ಷಕರಿಗೆ ದಾಖಲೆ ತುಂಬುವುದೇ ಕೆಲಸವಾಯಿತು. 2017ರಲ್ಲಿ ಮಂಡಳಿ ಆ ಪದ್ಧತಿಯನ್ನು ಕೈಬಿಟ್ಟಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ರೂಪಣಾತ್ಮಕ ಮೌಲ್ಯಮಾಪನದ ಮಾತನ್ನು ಮತ್ತೆ ಎತ್ತಿದೆ. ಈ ಸಲವೂ ಅಂಕದ ತೂಕ ಕಟ್ಟಿದರೆ ಮತ್ತೆ ಥರ್ಮೋಕೋಲಿನ ಅಂಗಡಿಗೇ ಲಾಭ.

ಅಂಕಕ್ಕೂ ಕಲಿಕೆಗೂ ಇರುವ ಈ ಜಗಳವನ್ನು ಇಸ್ರೇಲಿನ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಚೆನ್ನಾಗಿ ತೋರಿಸಿದ್ದಾರೆ. ಮಕ್ಕಳ ಕೆಲಸಕ್ಕೆ ಕೆಲವರಿಗೆ ಅಂಕ ಮಾತ್ರ ಕೊಟ್ಟರು, ಕೆಲವರಿಗೆ ಯಾವುದು ಸರಿ, ಯಾವುದನ್ನು ಸರಿಪಡಿಸಿಕೊಳ್ಳಬೇಕೆಂಬ ಬರಹದ ಸಲಹೆ ಮಾತ್ರ, ಇನ್ನು ಕೆಲವರಿಗೆ ಎರಡನ್ನೂ. ಸಲಹೆ ಮಾತ್ರ ಪಡೆದವರು ಮುಂದೆ ಹೋದರು. ಎರಡನ್ನೂ ಪಡೆದವರು ಅಂಕ ಮಾತ್ರ ಪಡೆದವರಷ್ಟೇ ಮಂದವಾಗಿದ್ದರು. ಅಂಕ ಕಂಡ ಮೇಲೆ ಸಲಹೆಯನ್ನು ಯಾರು ಓದುತ್ತಾರೆ? ಪಕ್ಕದವನಿಗೆ ಎಷ್ಟು ಬಂತು ಎಂದು ಇಣುಕುವುದೇ ಮೊದಲ ಕೆಲಸ.

ಕರ್ನಾಟಕದಲ್ಲಿ ಇದೇ ಕೆಲಸವನ್ನು ಅಂಕವಿಲ್ಲದೆ ಮಾಡಿದ ಉದಾಹರಣೆಯೊಂದಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಪ್ರಾಥಮಿಕ ಶಾಲಾ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದು ಆರಂಭಿಸಿದ ‘ನಲಿ-ಕಲಿ’. ಪಾಠವನ್ನು ಸಣ್ಣ ಸಣ್ಣ ಕಾರ್ಡುಗಳಾಗಿ ಒಡೆದು, ಅವನ್ನು ಒಂದು ಏಣಿಯ ಮೆಟ್ಟಿಲುಗಳಂತೆ ಜೋಡಿಸಿ, ಗೋಡೆಗೆ ಹಾಕಿದರು. ಪ್ರಾಣಿ ಪಕ್ಷಿಗಳ ಗುರುತು ನೋಡಿಕೊಂಡು ಮಗು ತನ್ನ ಮೆಟ್ಟಿಲಿನ ಕಾರ್ಡನ್ನು ತಾನೇ ತೆಗೆದುಕೊಳ್ಳುತ್ತದೆ. ಕೆಲವು ಮೆಟ್ಟಿಲಿಗೊಮ್ಮೆ ಮೌಲ್ಯಮಾಪನದ ಕಾರ್ಡು ಬರುತ್ತದೆ, ಬಂದರೆ ಮುಂದಕ್ಕೆ, ಬಾರದಿದ್ದರೆ ಅಲ್ಲೇ ಇನ್ನಷ್ಟು ಅಭ್ಯಾಸ. ನಾಲ್ಕು ದಿನ ಊರಿಗೆ ಹೋದ ಮಗು ಬಂದು ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತದೆ. ಕೂರುವ ಗುಂಪೂ ಅದರಂತೆ: ಶಿಕ್ಷಕರ ನೆರವು ಪೂರಾ ಬೇಕಾದವರು, ಸ್ವಲ್ಪ ಬೇಕಾದವರು, ಸಹಪಾಠಿಯ ನೆರವು ಸಾಕಾದವರು, ತಾವೇ ಕಲಿಯಬಲ್ಲವರು. ಆ ಕಲಬುರಗಿಯ ಹುಡುಗಿ ಕಳೆದುಕೊಂಡದ್ದು ಇಂಥ ಒಂದು ಮೆಟ್ಟಿಲನ್ನು. ನಲಿ-ಕಲಿ ರಾಜ್ಯವೆಲ್ಲ ಹಬ್ಬಿದ ಮೇಲೆ ಎಲ್ಲ ಕಡೆ ಹೆಗ್ಗಡದೇವನಕೋಟೆಯ ಉತ್ಸಾಹ ಉಳಿಯಲಿಲ್ಲ, ಕಾರ್ಡು ಮುಗಿಸುವುದೇ ಗುರಿಯಾದ ಶಾಲೆಗಳೂ ಇವೆ ಎಂಬ ದೂರನ್ನು ನಾನು ಕೇಳಿದ್ದೇನೆ. ಮೂಲ ಯೋಚನೆಯಲ್ಲಿ ಮಾತ್ರ ಕೊರತೆ ಕಾಣುವುದಿಲ್ಲ.

ಮುಂಬಯಿಯಲ್ಲೇ 1995ರ ಸುಮಾರಿಗೆ ಹುಟ್ಟಿದ ‘ಪ್ರಥಮ್’ ಸಂಸ್ಥೆ ಇನ್ನೂ ಸರಳವಾದ ದಾರಿ ಹಿಡಿಯಿತು. ಒಂದೇ ಹಾಳೆ. ಅದರಲ್ಲಿ ಕೆಲವು ಅಕ್ಷರ, ಕೆಲವು ಪದ, ಒಂದು ಸಣ್ಣ ಪರಿಚ್ಛೇದ, ಒಂದು ಕಥೆ. ಮಗು ಎಲ್ಲಿಯವರೆಗೆ ಓದುತ್ತದೋ ಅದು ಅದರ ಗುಂಪು, ಅದು ಐದನೆಯ ತರಗತಿಯಲ್ಲೇ ಇರಲಿ, ಮೂರನೆಯದರಲ್ಲೇ ಇರಲಿ. ಒಂದು ಮಗುವಿಗೆ ಐದೇ ನಿಮಿಷ.

ಈಗ ನಮ್ಮ ಮನೆಯಂಗಳಕ್ಕೆ ಬರೋಣ. ನೀವು ಯಾವ ನಗರದಲ್ಲೇ ಇರಿ, ಹತ್ತಿರದ ಕನ್ನಡ ಸಂಘದಲ್ಲಿ ಭಾನುವಾರದ ಕನ್ನಡ ವರ್ಗ ನಡೆಯುತ್ತಿರಬಹುದು. ಅಲ್ಲಿ ಕಲಿಸುವವರು ತರಬೇತಿ ಪಡೆದ ಶಿಕ್ಷಕರಲ್ಲ, ಬ್ಯಾಂಕಿನವರು, ಗೃಹಿಣಿಯರು, ನಿವೃತ್ತರು. ಹದ ನೋಡುವ ಕೆಲಸ ಅವರಿಗೆ ಹೆಚ್ಚು ಉಪಯೋಗ, ಏಕೆಂದರೆ ಅವರಿಗಿರುವುದು ವಾರಕ್ಕೆ ಒಂದೇ ಗಂಟೆ.

ಒತ್ತಕ್ಷರವನ್ನೇ ತೆಗೆದುಕೊಳ್ಳಿ. ‘ಅಕ್ಕ’, ‘ಅಮ್ಮ’, ‘ಅಕ್ಕಿ’ ಎಂದು ಬರೆದು ಓದಿಸಿದರೆ ಮಕ್ಕಳು ಗಿಳಿಯ ಹಾಗೆ ಓದುತ್ತಾರೆ. ಒತ್ತಕ್ಷರ ಬಂತೆಂದು ನಾವು ಹಿಗ್ಗುತ್ತೇವೆ. ಇದು ಆಗ ಹೇಳಿದ 2.75ರ ಪ್ರಶ್ನೆಯಂತೆಯೇ. ಗೊತ್ತಿರುವ ಪದವನ್ನು ಮಗು ಓದುವುದಿಲ್ಲ, ಗುರುತು ಹಿಡಿಯುತ್ತದೆ. ‘ಭಕ್ತಿ’ ಎಂದು ಬರೆದು ಕೊಡಿ. ಮುಂಬಯಿಯಲ್ಲಿ ಹುಟ್ಟಿ ಬೆಳೆದ ಮಗು ‘ಭಕಿತ’ ಎಂದು ಓದಬಹುದು. ನಾವು ನಗುತ್ತೇವೆ, ಅಥವಾ ತಿದ್ದಿ ಮುಂದೆ ಹೋಗುತ್ತೇವೆ. ಆದರೆ ಆ ‘ಭಕಿತ’ವನ್ನು ಒಂದು ಕ್ಷಣ ನೋಡಿ. ಕಕಾರಕ್ಕೆ ಗುಡಿಸು ಇದೆ ಎಂದು ಮಗು ಕಂಡಿದೆ, ಕೆಳಗಿರುವುದು ತಕಾರದ ಒತ್ತು ಎಂದೂ ಕಂಡಿದೆ. ಕಣ್ಣಿಗೆ ಕಾಣುವುದೂ ಹಾಗೆಯೇ, ಗುಡಿಸು ಇರುವುದು ಕಕಾರದ ತಲೆಯ ಮೇಲೆ. ಗೊತ್ತಿಲ್ಲದಿರುವುದು ಒಂದೇ ವಿಷಯ: ಮೇಲೆ ಬರೆದ ಸ್ವರವನ್ನು ಒತ್ತು ಉಚ್ಚರಿಸಿದ ಮೇಲೆ ಹೇಳಬೇಕು. ಎಂಟು ಸಂಗತಿಗಳಲ್ಲಿ ಏಳು ಬಂದಿರುವ ಮಗುವಿಗೆ ಮತ್ತೆ ಕಾಗುಣಿತದಿಂದ ಶುರು ಮಾಡಿಸುವುದು ಅನ್ಯಾಯ. ‘ಮುಕ್ತಿ’, ‘ಶಕ್ತಿ’, ‘ಬಸ್ತಿ’ ಎಂದು ಹತ್ತು ಪದ ಓದಿಸಿದರೆ ಮುಂದಿನ ಭಾನುವಾರ ಸರಿಹೋಗಿರುತ್ತದೆ.

ಸಂಖ್ಯೆಯಲ್ಲೂ ಹೀಗೊಂದು ಮಾತಿದೆ. ಕನ್ನಡದಲ್ಲಿ ಇಪ್ಪತ್ತೇಳು ಎಂದರೆ ಇಪ್ಪತ್ತು ಮೊದಲು, ಏಳು ಆಮೇಲೆ, ಬರೆಯುವ ಕ್ರಮವೂ ಅದೇ. ಮರಾಠಿಯ ಸತ್ತಾವೀಸ್, ಹಿಂದಿಯ ಸತ್ತಾಯೀಸ್‌ಗಳಲ್ಲಿ ಏಳೇ ಮೊದಲು ಕೇಳಿಸುತ್ತದೆ. ಆದ್ದರಿಂದ ಪುಣೆಯಲ್ಲೋ ದೆಹಲಿಯಲ್ಲೋ ಚಿಕ್ಕ ಮಗು 27ರ ಬದಲು 72 ಬರೆದರೆ ಅದರ ಕಿವಿ ಸರಿಯಾಗಿಯೇ ಕೆಲಸ ಮಾಡುತ್ತಿದೆ ಎಂದರ್ಥ. ಮಹಾರಾಷ್ಟ್ರದಲ್ಲಿ 2019ರಲ್ಲಿ ಎರಡನೆಯ ತರಗತಿಯ ಗಣಿತ ಪುಸ್ತಕದಲ್ಲಿ ‘ವೀಸ್ ಸಾತ್’ ಎಂಬ ಕ್ರಮವನ್ನು ತಂದಾಗ ದೊಡ್ಡ ಗದ್ದಲವೇ ಆಯಿತು, ಮುಂಬಯಿಯ ಕೇಳುಗರಿಗೆ ನೆನಪಿರಬಹುದು. ಭಾಷೆಯ ಅಭಿಮಾನದ ಪ್ರಶ್ನೆ ಬೇರೆ. ಮಗುವಿನ ಪಾಟಿಯ ಮೇಲಿನ 72 ಮಾತ್ರ ಆ ಗದ್ದಲಕ್ಕಿಂತ ಹಳೆಯದು.

ತಂದೆತಾಯಿಯರು ಇದರಲ್ಲಿ ಏನು ಮಾಡಬಹುದು? ಶಾಲೆಯ ಪಾಲಕರ ಸಭೆಯಲ್ಲಿ ನಾವು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ, ಎಷ್ಟು ಅಂಕ ಬಂತು, ಮೊದಲ ಸ್ಥಾನ ಯಾರಿಗೆ. ಅದರ ಬದಲು, ‘ನಮ್ಮ ಮಗು ಯಾವ ಬಗೆಯ ತಪ್ಪು ಮಾಡುತ್ತಿದ್ದಾಳೆ ಟೀಚರ್? ಅದಕ್ಕೆ ನೀವು ಮುಂದೆ ಏನು ಮಾಡಬೇಕೆಂದಿದ್ದೀರಿ? ಮನೆಯಲ್ಲಿ ನಾವೇನು ಮಾಡಲಿ?’ ಎಂದು ವಿನಯದಿಂದ ಕೇಳಿ. ಜಗಳಕ್ಕೆ ಹೋದಂತೆ ಕೇಳಬೇಡಿ, ಆ ಟೀಚರಿಗೂ ನಿಮ್ಮ ಮಗುವಿನಂಥ ಐವತ್ತು ಮಕ್ಕಳಿವೆ, ಪೋರ್ಷನ್ ಮುಗಿಸಿಲ್ಲವೆಂದು ಮೇಲಿನವರು ಕೇಳುತ್ತಿರುತ್ತಾರೆ. ಕೆಲವರು ಉತ್ತರ ಕೊಡಲಾರರು. ಆದರೆ ಮುಂದಿನ ಸಭೆಗೆ ಮುಂಚೆ ನಿಮ್ಮ ಮಗುವಿನ ಪುಸ್ತಕವನ್ನು ಒಮ್ಮೆ ತೆರೆದು ನೋಡಿರುತ್ತಾರೆ.

ಮನೆಯಲ್ಲಿ, ಮಗು ಉತ್ತರಪತ್ರಿಕೆ ತಂದ ದಿನ, ಅಂಕ ಬರೆದ ಮೂಲೆಯ ಮೇಲೆ ಹೆಬ್ಬೆರಳಿಟ್ಟು ಮುಚ್ಚಿಕೊಳ್ಳಿ. ತಪ್ಪಾದ ಒಂದು ಲೆಕ್ಕವನ್ನು ತೋರಿಸಿ, ಇದನ್ನು ಹೇಗೆ ಮಾಡಿದೆ ಕಂದ, ನನಗೂ ಹೇಳಿಕೊಡು ಎನ್ನಿ. ನಡುವೆ ಬಾಯಿ ಹಾಕಬೇಡಿ, ಕಷ್ಟವಾದರೂ. ಸರಿಯಾದ ಒಂದು ಲೆಕ್ಕವನ್ನೂ ಹಾಗೆಯೇ ಕೇಳಿ, ಕೆಲವೊಮ್ಮೆ ಗುಟ್ಟು ಅಲ್ಲಿರುತ್ತದೆ. ಅವಳು ಹೇಳಿ ಮುಗಿಸಿದ ಮೇಲೆ ಬೇಕಿದ್ದರೆ ಹೆಬ್ಬೆರಳು ತೆಗೆದು ಅಂಕ ನೋಡಿಕೊಳ್ಳಿ.